ತುಡುವೆ ಜೇನಿನ ಪೆಟ್ಟಿಗೆಗೆ ಮೇಣದ ಹುಳ ಬಿದ್ದಿದೆ, ನುಸಿಗುಳಿಗೆ (ನ್ಯಾಫ್ತಲಿನ್) ಇಡಬಹುದಾ?

ಪೆರ್ಲದ ತೋಟ:
ಮನೆ ಹಿಂದೆ ಎರಡು ತುಡುವೆ ಪೆಟ್ಟಿಗೆ ಇವೆ. ಆಟಿಯ ಮಳೆ ಸ್ವಲ್ಪ ಬಿಟ್ಟಾಗ ಒಂದರ ಮುಚ್ಚಳ ತೆಗೆದೆ. ಬದಿಯ ಕಪ್ಪು ಎರಿಗೆ (ಮೇಣದ ತಟ್ಟಿಗೆ) ಬಿಳಿ ನೂಲು ಸುತ್ತಿಕೊಂಡಿದೆ, ಒಳಗೆ ಹುಳ ಹರಿದಾಡುತ್ತಿವೆ. ಜೇನುನೊಣ ಇರುವುದು ನಡುವಿನ ಮೂರು ಎರಿಯಲ್ಲಿ ಮಾತ್ರ. ರಾಣಿ ಇದೆ, ಮೊಟ್ಟೆಯೂ ಕಂಡಿತು. ಪರಿಚಯದವರೊಬ್ಬರು ನುಸಿಗುಳಿಗೆ ಇಡಲು ಹೇಳಿದರು. ಇನ್ನೊಂದು ಪೆಟ್ಟಿಗೆಯಲ್ಲಿ ನೂಲಿಲ್ಲ, ಆದರೆ ಅಡಿಮಣೆ ತುಂಬ ಪುಡಿ. ಅದೂ ಹುಳದ್ದೇ ಅಲ್ವಾ?

ನೀರ್ಚಾಲು ಜೇನು:
ಅಕ್ಕಾ, ನುಸಿಗುಳಿಗೆ ಬೇಡವೇ ಬೇಡ. ಅದು ಮೇಣಕ್ಕೂ ಜೇನಿಗೂ ಹಿಡಿಯುತ್ತದೆ, ನೊಣಕ್ಕೂ ವಿಷ.

ರಾಣಿ ಮೊಟ್ಟೆ ಇಡುತ್ತಿದೆಯಲ್ಲ, ಧೈರ್ಯವಾಗಿರಿ. ಮೂರು ಎರಿಯ ನೊಣ ಇಡೀ ಪೆಟ್ಟಿಗೆ ಕಾಯಲಾರದು. ಈ ಹುಳದ ತಾಯಿ ಚಿಟ್ಟೆ ಖಾಲಿ ಎರಿಗೇ ನುಗ್ಗುತ್ತದೆ. ನೊಣ ಕೂರದ ಎರಿಗಳನ್ನೆಲ್ಲ ಇವತ್ತೇ ತೆಗೆಯಿರಿ. ಮೇಲೆ ಜೇನು ತುಂಬಲು ಇಟ್ಟ ಜೇನುಕೋಣೆಯನ್ನೂ ಇಳಿಸಿ. ಉಳಿದ ಮೂರನ್ನು ಒತ್ತಿಗೆ ಸರಿಸಿ, ಪಕ್ಕಕ್ಕೆ ಒಂದು ಹಲಗೆ ಅಡ್ಡ ಕೊಡಿ. ಸಂಜೆ ಹೊತ್ತು ಸಕ್ಕರೆಗೆ ಸಮ ನೀರು ಸೇರಿಸಿ ಪಾಕ ಇಡಿ. ಹೀಗೇ ಬಿಟ್ಟರೆ ಕುಟುಂಬ ಹಾರಿಹೋಗುತ್ತದೆ, ತುಡುವೆಯ ಸ್ವಭಾವವೇ ಹಾಗೆ.

ಮತ್ತೆ ಮರದ ಸಂದು ನೋಡಿ. ತುಡುವೆ ಅಂಟು ತಂದು ಸಂದು ಮುಚ್ಚುವ ನೊಣ ಅಲ್ಲ. ಚಿಟ್ಟೆಗೆ ಮೊಟ್ಟೆ ಇಡಲು ಅದೇ ಜಾಗ. ಚೌಕಟ್ಟಿನ ಮೂಲೆಯಲ್ಲಿ ಬಿಳಿ ಗೂಡು ಅಂಟಿರುತ್ತದೆ, ಕತ್ತಿ ಮೊನೆಯಿಂದ ಹೆರೆದು ತೆಗೆಯಿರಿ. ಆಮೇಲೆ ಮೇಣ ಕರಗಿಸಿ ಸಂದಿಗೆ ತುಂಬಿ.

ಎರಡನೇ ಪೆಟ್ಟಿಗೆಯ ಪುಡಿಯನ್ನು ಅಂಗೈಗೆ ಹಾಕಿ ನೋಡಿ. ಕಂದು ಬಣ್ಣದ ಹಗುರ ಚೂರಾದರೆ ನೊಣವೇ ಹಳೇ ಮೇಣ ಕಚ್ಚಿ ಕೆಡವಿದ್ದು, ತೊಂದರೆಯಿಲ್ಲ. ಸಾಸಿವೆಗಿಂತ ಸಣ್ಣ ಕಪ್ಪು ಕಾಳು ಕಂಡರೆ ಅದು ಹುಳದ ಹಿಕ್ಕೆ. ಯಾವುದೇ ಆಗಿರಲಿ, ವಾರಕ್ಕೊಮ್ಮೆ ಅಡಿಮಣೆ ಗುಡಿಸಿ. ಆ ಪುಡಿಯಲ್ಲೂ ಹುಳ ಬೆಳೆಯುತ್ತದೆ.

ಮುಳ್ಳೇರಿಯ:
ತೆಗೆದ ಎರಿ ಕೊಟ್ಟಿಗೆಯಲ್ಲಿ ಇಡಬೇಡಿ ಅಕ್ಕ. ನೂಲು ಹಿಡಿದದ್ದನ್ನು ಕತ್ತರಿಸಿ ಕರಗಿಸಿ, ಹುಳ ಕೋಳಿಗೆ ಹಾಕಿ. ಚೆನ್ನಾಗಿರುವುದನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಎರಡು ರಾತ್ರಿ ಫ್ರೀಜರಿನಲ್ಲಿ ಇಡಿ. ಚಿಟ್ಟೆಯ ಮೊಟ್ಟೆಯೂ ಸಾಯುತ್ತದೆ. ಗಂಧಕದ ಹೊಗೆಗೆ ಮೊಟ್ಟೆ ಸಾಯುವುದಿಲ್ಲ.

ಪೆರ್ಲದ ತೋಟ:
ತುಂಬಾ ಉಪಕಾರ. ಹಲಗೆ ಕೊಟ್ಟು ಪಾಕ ಇಟ್ಟೆ. ಎರಡನೆಯದರಲ್ಲಿ ಕಂದು ಚೂರು ಮಾತ್ರ, ಸಮಾಧಾನ ಆಯಿತು. ಜೇನುಕೋಣೆಯ ಬಿಳಿ ಎರಿಗಳೂ ಇವೆ, ಎಲ್ಲ ಫ್ರೀಜರಿನಲ್ಲಿ ಹಿಡಿಸುವುದಿಲ್ಲ.

ನೀರ್ಚಾಲು ಜೇನು:
ಸ್ವಲ್ಪ ಸ್ವಲ್ಪವಾಗಿ ಇಡಿ. ಹೊರಗೆ ತೆಗೆದ ಮೇಲೂ ತೊಟ್ಟೆ ಬಿಚ್ಚಬೇಡಿ, ಚಿಟ್ಟೆ ಮತ್ತೆ ಬರುತ್ತದೆ. ಮರಿ ಬೆಳೆಯದ ಬಿಳಿ ಎರಿಗೆ ಹುಳ ಕಮ್ಮಿ, ಕಪ್ಪಿಗೇ ಜಾಸ್ತಿ. ಬಿಳಿಯದನ್ನು ಜೋಪಾನ ಮಾಡಿ. ರಬ್ಬರ್ ಮರ ಚಿಗುರಿ ನೊಣಕ್ಕೆ ಮಕರಂದ ಸಿಗುವಾಗ ಮೊದಲೇ ಕಟ್ಟಿದ ಎರಿ ಇದ್ದರೆ ನೊಣ ನೇರ ಜೇನು ತುಂಬುತ್ತದೆ.