1932ರ ಕರಾಚಿ–ಮುಂಬಯಿ–ಮದ್ರಾಸ್ ಅಂಚೆ ವಿಮಾನ: ರಾತ್ರಿ ತಂಗಲು ಬಳ್ಳಾರಿಯೇ ಯಾಕೆ? ಮಳೆಗಾಲದಲ್ಲಿ ಜುಹು ಏನಾಗುತ್ತಿತ್ತು?

ಹಂಪಿದಾರಿ:

ಪ್ರೌಢಶಾಲೆಯ ವಸ್ತುಪ್ರದರ್ಶನಕ್ಕೆ ಮುಂಬಯಿಯ ಮೊದಲ ನಾಗರಿಕ ವಿಮಾನಯಾನದ ಮೇಲೆ ನಾಲ್ಕು ಫಲಕ ಸಿದ್ಧವಾಗುತ್ತಿವೆ. 1928ರಲ್ಲಿ ಜುಹು ಮೈದಾನ ಶುರುವಾದದ್ದು, 1929ರ ಫೆಬ್ರವರಿ 10ರಂದು ಜೆ.ಆರ್.ಡಿ. ಟಾಟಾ ಅವರಿಗೆ ಭಾರತದಲ್ಲಿ ಕೊಟ್ಟ ಮೊದಲ ಪೈಲಟ್ ಲೈಸೆನ್ಸ್ ಸಿಕ್ಕಿದ್ದು, 1932ರ ಅಕ್ಟೋಬರ್ 15ರಂದು ಅವರೇ ಕರಾಚಿಯ ಡ್ರಿಗ್ ರೋಡ್‌ನಿಂದ ಅಹಮದಾಬಾದ್ ಮೇಲೆ ಜುಹುಗೆ ಅಂಚೆ ತಂದದ್ದು, ಅಲ್ಲಿಂದ ಇನ್ನೊಬ್ಬ ಪೈಲಟ್ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿ ಮೂಲಕ ಮದ್ರಾಸಿಗೆ ಒಯ್ದದ್ದು, ಇಷ್ಟು ಬರೆದಾಗಿದೆ. ಮಕ್ಕಳು ಕೇಳುವ ಪ್ರಶ್ನೆಗಳಿಗೆ ಮಾತ್ರ ಗಟ್ಟಿ ಉತ್ತರ ಬೇಕು.

ಹೈದರಾಬಾದ್ ಅಷ್ಟು ದೊಡ್ಡ ಊರು, ಅದನ್ನು ಬಿಟ್ಟು ಬಳ್ಳಾರಿಯಲ್ಲಿ ಯಾಕೆ ಇಳಿದರು? ನೆಲದ ಮೇಲೆ ವಿಮಾನಕ್ಕೆ ಏನೇನು ಕೆಲಸ ಇರುತ್ತಿತ್ತು? ಸಮುದ್ರದ ಮಗ್ಗುಲಲ್ಲೇ ಇರುವ ಜುಹು ಮಳೆಗಾಲದಲ್ಲಿ ಹೇಗೆ ನಡೆಯುತ್ತಿತ್ತು?

ಪ್ರೊಪೆಲ್ಲರ್:

ಭೂಪಟದ ಮೇಲೆ ಜುಹುನಿಂದ ಮದ್ರಾಸಿಗೆ ಒಂದು ದಾರ ಎಳೆದು ಹಿಡಿಯಿರಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನೇರ ದೂರ ಸುಮಾರು 1,035 ಕಿ.ಮೀ. ಬಳ್ಳಾರಿ ಮುಟ್ಟಿ ಹೋದರೆ 1,040ರ ಆಸುಪಾಸು: ಬಳ್ಳಾರಿವರೆಗೆ 615, ಅಲ್ಲಿಂದ ಮದ್ರಾಸಿಗೆ 425. ಬಳಸು ದಾರಿ ಹತ್ತು ಕಿ.ಮೀ. ಕೂಡ ಆಗುವುದಿಲ್ಲ. ಹೈದರಾಬಾದ್ ಮೇಲೆ ಹೋದರೆ 1,150 ದಾಟುತ್ತದೆ. ಗಂಟೆಗೆ 165 ಕಿ.ಮೀ. ಹೋಗುವ ವಿಮಾನಕ್ಕೆ ಅದು ನಲವತ್ತು ನಿಮಿಷ ಹೆಚ್ಚು. ಹೈದರಾಬಾದ್ ನಿಲುಗಡೆ ಮುಂದೆ ಸೇರಿತು ನಿಜ, ಆದರೆ ಮೊದಲ ದಿನದ ಲೆಕ್ಕಕ್ಕೆ ಬಳ್ಳಾರಿಯೇ ಹೊಂದುತ್ತದೆ.

ಇನ್ನರ್ಧ ಉತ್ತರ ಸೂರ್ಯನದು. ಜೆ.ಆರ್.ಡಿ. ಬೆಳಿಗ್ಗೆ 6:35ಕ್ಕೆ ಕರಾಚಿ ಬಿಟ್ಟು ಮಧ್ಯಾಹ್ನ 1:50ಕ್ಕೆ ಜುಹು ಮುಟ್ಟಿದರು. ಕರಾಚಿ–ಅಹಮದಾಬಾದ್ 600 ಕಿ.ಮೀ., ಅಹಮದಾಬಾದ್–ಮುಂಬಯಿ 440. ಹಾರಾಟಕ್ಕೆ ಆರೂವರೆ ಗಂಟೆ ಹಿಡಿದರೆ ನಡುವಿನ ನಿಲುಗಡೆಗೆ ಮುಕ್ಕಾಲು ಗಂಟೆ ಉಳಿಯಿತು. ಜುಹುನಲ್ಲಿ ಚೀಲ ಬದಲಿಸಿ ಎರಡು ಗಂಟೆಯ ಸುಮಾರಿಗೆ ಹೊರಟರೂ ಬಳ್ಳಾರಿಗೆ ಕಾಲು ಕಡಿಮೆ ನಾಲ್ಕು ಗಂಟೆಯ ಹಾರಾಟ. ಅಕ್ಟೋಬರ್ ಮಧ್ಯದಲ್ಲಿ ಅಲ್ಲಿ ಹೊತ್ತು ಮುಳುಗುವುದು ಆರು ಗಂಟೆಗೆ. ಅಂದರೆ ಬೆಳಕು ಮುಗಿಯುವ ಜಾಗವೇ ಬಳ್ಳಾರಿ. ಆ ವಿಮಾನದಲ್ಲಿ ರೇಡಿಯೊ ಇರಲಿಲ್ಲ, ದಾರಿಯ ಮೈದಾನಗಳಲ್ಲಿ ರಾತ್ರಿ ಇಳಿಯುವ ದೀಪದ ಏರ್ಪಾಡೂ ಇರಲಿಲ್ಲ. ಕತ್ತಲಲ್ಲಿ ಮದ್ರಾಸಿನತ್ತ ಮುಂದುವರಿಯುವ ಮಾತೇ ಇಲ್ಲ.

ದಾರಿ ಹಿಡಿಯುವುದು ದಿಕ್ಸೂಚಿ ಮತ್ತು ಕಣ್ಣಿನಿಂದ. ಮಕ್ಕಳಿಗೆ ಈ ಲೆಕ್ಕ ಮಾಡಿಸಿ: ಗಂಟೆಗೆ 20 ಕಿ.ಮೀ. ಅಡ್ಡಗಾಳಿಯನ್ನು ಗಮನಿಸದೆ ದಿಕ್ಸೂಚಿಯನ್ನೇ ನಂಬಿ ಹೋದರೆ ಬಳ್ಳಾರಿ ಹೊತ್ತಿಗೆ 75 ಕಿ.ಮೀ. ಪಕ್ಕಕ್ಕೆ ಹೋಗಿರುತ್ತೀರಿ. ಅದನ್ನು ಸರಿದೂಗಿಸಲು ಮೂಗನ್ನು ಗಾಳಿಯ ಕಡೆಗೆ ಏಳು ಡಿಗ್ರಿ ತಿರುಗಿಸಿಟ್ಟರೆ ಸಾಕು, ಆದರೆ ಗಾಳಿ ಎಷ್ಟಿದೆ ಎಂಬುದನ್ನು ನೆಲದ ಗುರುತುಗಳಿಂದಲೇ ಅಳೆಯಬೇಕು. ಘಟ್ಟ ದಾಟಿದ ಮೇಲೆ ಭೀಮಾ, ಕೃಷ್ಣಾ, ತುಂಗಭದ್ರಾ ಒಂದಾದ ಮೇಲೊಂದು ಅಡ್ಡ ಬರುತ್ತವೆ, ದೂರದ ಲೆಕ್ಕಕ್ಕೆ ಅವೇ ಮೈಲಿಗಲ್ಲು. ಬಳ್ಳಾರಿಯಿಂದಾಚೆ ಗುಂತಕಲ್ಲು, ಕಡಪ, ರೇಣಿಗುಂಟ, ಅರಕ್ಕೋಣಂ ಎಂದು ರೈಲು ಹಳಿಯೇ ಮದ್ರಾಸಿನವರೆಗೆ ಮಲಗಿದೆ. ಮೋಡ ಕೆಳಗಿಳಿದ ದಿನ ಆ ಹಳಿಗಿಂತ ನಂಬಿಕೆಯ ಗುರುತು ಬೇರೆ ಯಾವುದೂ ಇಲ್ಲ.

ಒಂದು ವಿಷಯ ಫಲಕದಲ್ಲಿ ಖಂಡಿತ ಇರಲಿ. ಹಡಗಿನ ಅಂಚೆಗೆ ಮುಂಬಯಿ ಬಂದರೇ ಹೆಬ್ಬಾಗಿಲಾಗಿತ್ತು. 1929ರ ಮಾರ್ಚ್ 30ರಂದು ಬ್ರಿಟನ್ನಿನ ವಿಮಾನ ಸಂಸ್ಥೆ ಇಂಪೀರಿಯಲ್ ಏರ್‌ವೇಸ್ ಲಂಡನ್‌ನಿಂದ ಕರಾಚಿಗೆ ಸೇವೆ ಶುರು ಮಾಡಿದಾಗ ಆ ಹೆಬ್ಬಾಗಿಲು ಕರಾಚಿಗೆ ಸರಿಯಿತು. ಮುಂಬಯಿ, ಮದ್ರಾಸುಗಳಿಗೆ ಅಲ್ಲಿಂದ ಮುಂದೆ ರೈಲೇ ಗತಿ. ಟಾಟಾ ಸಂಸ್ಥೆ ಮುಚ್ಚಲು ಹೊರಟಿದ್ದು ಈ ಕಂದಕವನ್ನು. ಸರ್ಕಾರದಿಂದ ಸಹಾಯಧನ ಇಲ್ಲ, ಸಾಗಿಸಿದ ಅಂಚೆಯ ತೂಕಕ್ಕೆ ತಕ್ಕ ಹಣ ಅಷ್ಟೆ. 1932ರ ಏಪ್ರಿಲ್‌ನಲ್ಲಿ ಆದ ಹತ್ತು ವರ್ಷದ ಒಪ್ಪಂದದ ತಿರುಳು ಇದು.

ಎಣ್ಣೆಕೈ:

ನೆಲದ ಕೆಲಸದ ಬಗ್ಗೆ. ವಿಮಾನ ಡಿ ಹ್ಯಾವಿಲೆಂಡ್ ಪುಸ್ ಮಾತ್. ಒಂದೇ ಇಂಜಿನ್, ಮೇಲೆ ಕೂರಿಸಿದ ಒಂದು ಜೊತೆ ರೆಕ್ಕೆ, ಮುಚ್ಚಿದ ಕ್ಯಾಬಿನ್. ಒಡಲು ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಬಟ್ಟೆ. ಇಂಜಿನ್ 120 ಅಶ್ವಶಕ್ತಿಯ ಜಿಪ್ಸಿ ಥ್ರೀ, ನಾಲ್ಕು ಸಿಲಿಂಡರ್, ಗಾಳಿಯಿಂದಲೇ ತಣಿಯುವಂಥದ್ದು. ಅದರ ವಿಶೇಷ ಅಂದರೆ ಸಿಲಿಂಡರ್‌ಗಳು ತಲೆಕೆಳಗಾಗಿ ತೂಗುತ್ತವೆ, ಕ್ರ್ಯಾಂಕ್ (ಪ್ರೊಪೆಲ್ಲರ್ ತಿರುಗಿಸುವ ದಂಡ) ಮೇಲಿರುತ್ತದೆ. ಪೈಲಟ್‌ಗೆ ಮುಂದಿನ ನೋಟ ಚೆನ್ನಾಗಿ ಸಿಗುತ್ತದೆ, ಪ್ರೊಪೆಲ್ಲರ್ ನೆಲದಿಂದ ಎತ್ತರದಲ್ಲಿ ತಿರುಗುತ್ತದೆ. ತೊಂದರೆ ಶುರುವಾಗುವುದು ನಿಲ್ಲಿಸಿಟ್ಟಾಗ.

ರಾತ್ರಿಯಿಡೀ ನಿಂತ ಇಂಜಿನ್‌ನಲ್ಲಿ ಎಣ್ಣೆ ಪಿಸ್ಟನ್ ರಿಂಗ್‌ಗಳನ್ನು ದಾಟಿ ಕೆಳಗೆ, ಅಂದರೆ ಸಿಲಿಂಡರ್ ತಲೆಗೆ, ಜಿನುಗಿ ನಿಲ್ಲುತ್ತದೆ. ಗಾಳಿಯಾದರೆ ಒತ್ತಿಕೊಳ್ಳುತ್ತದೆ, ಎಣ್ಣೆ ಒತ್ತಿಕೊಳ್ಳುವುದಿಲ್ಲ. ಹಾಗೇ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಅಲ್ಲಿಗೆ ಬಳ್ಳಾರಿಯಂಥ ಊರಲ್ಲಿ ವಿಮಾನ ವಾರಗಟ್ಟಲೆ ಕೂತಂತೆಯೇ. ಆದ್ದರಿಂದ ಬೆಳಿಗ್ಗೆಯ ಮೊದಲ ಕೆಲಸ ಇದು: ಎರಡೂ ಮ್ಯಾಗ್ನೆಟೊ (ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಕೊಡುವ ಸಾಧನ) ಸ್ವಿಚ್ ಆಫ್ ಇವೆಯೇ ನೋಡಿ, ಪ್ರೊಪೆಲ್ಲರನ್ನು ಕೈಯಿಂದ ಮೆಲ್ಲಗೆ ಎರಡು ಪೂರ್ತಿ ಸುತ್ತು ತಿರುಗಿಸುವುದು. ಎರಡು ಸುತ್ತಿನಲ್ಲಿ ನಾಲ್ಕೂ ಸಿಲಿಂಡರ್ ಒಂದೊಂದು ಸಲ ಒತ್ತಡಕ್ಕೆ ಬರುತ್ತವೆ. ಒತ್ತಡ ಮೆತ್ತಗೆ ಸ್ಪ್ರಿಂಗ್‌ನಂತೆ ಎದುರು ನಿಂತರೆ ಸರಿ. ಗೋಡೆಗೆ ಬಡಿದಂತೆ ಗಕ್ಕನೆ ನಿಂತರೆ ಅದು ಎಣ್ಣೆ, ಜೋರು ಮಾಡಬಾರದು. ಹಿಂದಕ್ಕೆ ತಿರುಗಿಸಿ ಬಿಡಿಸುವುದೂ ತಪ್ಪು, ಎಣ್ಣೆಯು ಗಾಳಿ-ಪೆಟ್ರೋಲ್ ಒಳಬರುವ ಕೊಳವೆಗೆ ಹೋಗಿ ಆಮೇಲೆ ಮತ್ತೆ ಒಳಗೆ ಬರುತ್ತದೆ. ಆ ಸಿಲಿಂಡರ್‌ನ ಪ್ಲಗ್ ಬಿಚ್ಚಿ ಎಣ್ಣೆ ಸುರಿಸಿ, ಪ್ಲಗ್ ಒರೆಸಿ ಹಾಕಬೇಕು. ಒಂದೊಂದು ಸಿಲಿಂಡರ್‌ಗೆ ಎರಡು ಪ್ಲಗ್, ಒಟ್ಟು ಎಂಟು. ಎರಡು ಮ್ಯಾಗ್ನೆಟೊ ಇರುವುದರಿಂದ ಹಾರುವ ಮುನ್ನ ಒಂದೊಂದನ್ನೇ ಆರಿಸಿ ಇಂಜಿನ್ ಸುತ್ತು ಎಷ್ಟು ಇಳಿಯುತ್ತದೆ ನೋಡುತ್ತಾರೆ. ಹೆಚ್ಚು ಇಳಿದರೆ ಆ ಸಾಲಿನಲ್ಲಿ ಒಂದು ಪ್ಲಗ್ ಎಣ್ಣೆ ಹಿಡಿದಿದೆ ಎಂದೇ ಅರ್ಥ.

ಪೆಟ್ರೋಲ್ ಬರುತ್ತಿದ್ದದ್ದು ನಾಲ್ಕು ಗ್ಯಾಲನ್ ತಗಡಿನ ಡಬ್ಬಗಳಲ್ಲಿ, ನಮ್ಮ ಸೀಮೆಎಣ್ಣೆ ಡಬ್ಬದಂಥದ್ದೇ, 18 ಲೀಟರ್. ಮೊದಲ ಹಾರಾಟದ ದಿನ ಅಹಮದಾಬಾದಿನಲ್ಲಿ ಬರ್ಮಾ ಷೆಲ್‌ನವರ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು. ಇಂಜಿನ್ ಗಂಟೆಗೆ 25ರಿಂದ 30 ಲೀಟರ್ ಕುಡಿಯುತ್ತದೆ, ಕರಾಚಿಯಿಂದ ಅಲ್ಲಿಗೆ ಬರುವಷ್ಟರಲ್ಲಿ ಐದಾರು ಡಬ್ಬ ಖಾಲಿ. ಡಬ್ಬದಲ್ಲಿ ತುಕ್ಕಿನ ಪುಡಿ, ಬೆವರಿದ ನೀರು ಎರಡೂ ಇರುತ್ತವೆ. ನೀರು ಪೆಟ್ರೋಲಿಗಿಂತ ಭಾರ, ತಳಕ್ಕಿಳಿದು ಕಾರ್ಬುರೇಟರ್ ಜೆಟ್ ಕಟ್ಟುತ್ತದೆ, ವಿಮಾನ ನೆಲ ಬಿಟ್ಟ ಕೂಡಲೇ ಇಂಜಿನ್ ಸಾಯುತ್ತದೆ. ಅದಕ್ಕೆ ಆಲಿಕೆಗೆ ಶಾಮಿ ಲೆದರ್ ಹಾಸಿ ಸೋಸುತ್ತಾರೆ. ಆ ತೊಗಲನ್ನು ಮೊದಲು ಪೆಟ್ರೋಲಲ್ಲೇ ನೆನೆಸಬೇಕು. ಆಗ ಪೆಟ್ರೋಲ್ ದಾಟುತ್ತದೆ, ನೀರು ಮೇಲೆ ಗುಂಡುಗುಂಡಾಗಿ ನಿಲ್ಲುತ್ತದೆ. ನೀರಿನಲ್ಲಿ ಒದ್ದೆಯಾದ ತೊಗಲು ತದ್ವಿರುದ್ಧ, ನೀರನ್ನೇ ಬಿಡುತ್ತದೆ. ಆಲಿಕೆ ಟ್ಯಾಂಕಿನ ಲೋಹಕ್ಕೆ ತಾಗಿಯೇ ಇರಬೇಕು, ಇಲ್ಲದಿದ್ದರೆ ಒಣ ಹವೆಯಲ್ಲಿ ಸ್ಥಿರ ವಿದ್ಯುತ್ತಿನ ಕಿಡಿ ಹಾರೀತು. ಕೊನೆಯ ಎರಡು ಬೆರಳು ಪೆಟ್ರೋಲ್ ಡಬ್ಬದಲ್ಲೇ ಬಿಡುವುದು ಜಾಣತನ, ಕಸವೆಲ್ಲ ಅಲ್ಲಿರುತ್ತದೆ.

ತೂಕದ ಲೆಕ್ಕವೂ ಫಲಕಕ್ಕೆ ಚೆಂದ. ಖಾಲಿ ವಿಮಾನ ಸುಮಾರು 570 ಕಿಲೋ, ತುಂಬಿದ ಮಿತಿ 930. ನಡುವಿನ 360 ಕಿಲೋದಲ್ಲಿ ಪೈಲಟ್, ಪೆಟ್ರೋಲ್, ಎಣ್ಣೆ ಕಳೆದರೆ 170–180 ಉಳಿಯುತ್ತದೆ. ಮೊದಲ ದಿನದ ಅಂಚೆ 55 ಪೌಂಡ್, 25 ಕಿಲೋ ಮಾತ್ರ. ಮೊದಲ ಪೂರ್ಣ ವರ್ಷದಲ್ಲಿ ಸಾಗಿದ್ದು 10.71 ಟನ್ ಅಂಚೆ ಮತ್ತು 155 ಪ್ರಯಾಣಿಕರು, ಹಾರಿದ್ದು 1,60,000 ಮೈಲಿ. ವಾರಕ್ಕೊಂದು ಹೋಗಿಬರುವ ಸೇವೆ ಎಂದು ಭಾಗಿಸಿದರೆ ಒಂದು ದಿಕ್ಕಿಗೆ ಸುಮಾರು 100 ಕಿಲೋ ಬೀಳುತ್ತದೆ. ಅಂಚೆ ಚೀಲದ ಜೊತೆ ಒಬ್ಬ ಪ್ರಯಾಣಿಕನಿಗೆ ಹೇಗೆ ಜಾಗ ಸಿಕ್ಕಿತೆಂಬುದು ಇದರಿಂದಲೇ ತಿಳಿಯುತ್ತದೆ.

ಹಂಪಿದಾರಿ:

ಇಬ್ಬರಿಗೂ ತುಂಬಾ ಧನ್ಯವಾದ. ಎರಡು ಸುತ್ತು ತಿರುಗಿಸುವ ವಿವರವನ್ನು ಚಿತ್ರ ಸಮೇತ ಹಾಕುತ್ತೇವೆ. ಜುಹು ಮಳೆಗಾಲದ ವಿಷಯ ಯಾರಾದರೂ ಹೇಳುತ್ತೀರಾ?

ಉಬ್ಬರಇಳಿತ:

ಜುಹು ಮೈದಾನ ಕಡಲ ಅಂಚಿನ ತಗ್ಗು ಕೆಸರುಭೂಮಿ. ದೊಡ್ಡ ಉಬ್ಬರದ ಹೊತ್ತಿನಲ್ಲಿ ಸಮುದ್ರದ ಮಟ್ಟ ಮೈದಾನಕ್ಕಿಂತ ಮೇಲಿರುತ್ತಿತ್ತು. ಬರೀ ಮಳೆಯಾಗಿದ್ದರೆ ಕಾಲುವೆ ತೋಡಿ ನೀರು ಹರಿಸಬಹುದಿತ್ತು. ಆದರೆ ಮುಂಬಯಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರ ಇಳಿತದ ಅಂತರ ನಾಲ್ಕು ಮೀಟರ್‌ಗೂ ಹೆಚ್ಚು. ಉಬ್ಬರದ ವೇಳೆಗೆ ಮಳೆ ಹುಯ್ದರೆ ಕಾಲುವೆಯ ಬಾಯಿಯೇ ಕಡಲ ನೀರಲ್ಲಿ ಮುಳುಗಿರುತ್ತದೆ, ನೀರು ಹೊರಗೆ ಹೋಗುವ ಬದಲು ಹಿಂದಕ್ಕೆ ಒತ್ತುತ್ತದೆ. ನಮ್ಮ ಕರಾವಳಿಯ ಗಜನಿ ಗದ್ದೆ (ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಳಿತಕ್ಕೆ ನೀರು ಹೋದರೂ ಕೆಸರು ಉಳಿಯುತ್ತದೆ, ಮೇಲೆ ಒಣಗಿದ ಹಕ್ಕಳೆ, ಕೆಳಗೆ ಹೂಳು.

ವಿಮಾನಕ್ಕೆ ಅಪಾಯ ಆ ಹಕ್ಕಳೆಯದೇ. ಪುಸ್ ಮಾತ್‌ಗೆ ಹಿಂದೆ ಚಕ್ರವಿಲ್ಲ, ಬಾಲದಡಿ ಒಂದು ಊರುಗೋಲು. ಒಣ ನೆಲದಲ್ಲಿ ಅದು ಉಜ್ಜಿಕೊಂಡು ವೇಗ ತಗ್ಗಿಸುತ್ತದೆ. ಕೆಸರಲ್ಲಿ ಮುಂದಿನ ಚಕ್ರ ಹೂತುಕೊಂಡರೆ ಬಾಲ ಏಳುತ್ತದೆ, ಮೂಗು ನೆಲಕ್ಕೆ ಬಡಿಯುತ್ತದೆ, ಮರದ ಪ್ರೊಪೆಲ್ಲರ್ ಚೂರಾಗುತ್ತದೆ. ಏರುವಾಗಿನ ತೊಂದರೆ ಬೇರೆ: ಕೆಸರು ಚಕ್ರವನ್ನು ಹಿಡಿದೆಳೆಯುವುದರಿಂದ ಬೇಕಾದ ವೇಗ ಬರುವಷ್ಟರಲ್ಲಿ ಮೈದಾನವೇ ಮುಗಿದಿರುತ್ತದೆ.

ಪರಿಹಾರ ಸರಳ, ಮಳೆಗಾಲದಲ್ಲಿ ಜುಹು ಬಿಟ್ಟುಬಿಡುವುದು. ಸೇವೆಯನ್ನು ಘಟ್ಟದ ಮೇಲಿನ ಪುಣೆಗೆ, ಯೆರವಡಾ ಜೈಲಿನ ಬಳಿಯ ಒಂದು ಸಣ್ಣ ಮೈದಾನಕ್ಕೆ ಸಾಗಿಸುತ್ತಿದ್ದರು. ಪುಣೆ ಘಟ್ಟದ ಮಳೆ ನೆರಳಿನಲ್ಲಿದೆ, ನೆಲ ಎತ್ತರ, ಕಡಲಿನ ಕಾಟವಿಲ್ಲ. ಇಂಥ ಸಣ್ಣ ಮೈದಾನದಲ್ಲಿ ಪುಸ್ ಮಾತ್‌ನ ಒಂದು ಜಾಣ ಏರ್ಪಾಡು ಕೆಲಸಕ್ಕೆ ಬರುತ್ತದೆ: ಚಕ್ರದ ಕಂಬಗಳ ಮೇಲಿನ ಹೊದಿಕೆಯನ್ನು ಪೈಲಟ್ ಒಳಗಿನಿಂದಲೇ ಅಡ್ಡ ತಿರುಗಿಸಬಹುದು, ಅದು ಗಾಳಿಗೆ ಹಲಗೆ ಹಿಡಿದಂತಾಗಿ ಬ್ರೇಕ್ ಆಗುತ್ತದೆ. ಮಕ್ಕಳ ಮಾದರಿಯಲ್ಲಿ ಇದನ್ನು ತಿರುಗುವಂತೆ ಮಾಡಿಸಿ, ರಟ್ಟಿನಲ್ಲೂ ಆಗುತ್ತದೆ.

ಜುಹುನ ಆಗಿನ ವೈಭವವನ್ನು ದೊಡ್ಡದು ಮಾಡಿ ಬರೆಯಬೇಡಿ. ತೆಂಗಿನ ಗರಿಯ ಚಪ್ಪರ, ಎರಡು ಪುಸ್ ಮಾತ್, ಜೆ.ಆರ್.ಡಿ., ವಿನ್ಸೆಂಟ್, ಹೋಮಿ ಭರೂಚಾ ಎಂಬ ಮೂವರು ಪೈಲಟ್‌ಗಳು, ಬೆರಳೆಣಿಕೆಯ ಮೆಕ್ಯಾನಿಕ್‌ಗಳು. ಅಷ್ಟರಲ್ಲಿ ವರ್ಷವಿಡೀ ಹೊತ್ತಿಗೆ ಸರಿಯಾಗಿ ಅಂಚೆ ಮುಟ್ಟಿಸಿದರು ಎಂಬುದೇ ನಿಜವಾದ ಹಿರಿಮೆ, ಅದಕ್ಕೆ ಬಣ್ಣ ಬೇಕಿಲ್ಲ.

ಅಂಚೆಮುದ್ರೆ:

ಫಲಕಗಳಲ್ಲಿ ಪದೇ ಪದೇ ಆಗುವ ತಪ್ಪುಗಳು ಕೆಲವಿವೆ, ಮುದ್ರಣಕ್ಕೆ ಮುಂಚೆ ನೋಡಿಕೊಳ್ಳಿ.

ಅಂತರ್ಜಾಲದಲ್ಲಿ 1932ರದ್ದೆಂದು ಹಾಕುವ ಎಷ್ಟೋ ಫೋಟೊಗಳು 1962 ಮತ್ತು 1982ರ ಸ್ಮರಣೆಯ ಹಾರಾಟಗಳವು. ಆಗ ಜೆ.ಆರ್.ಡಿ. ಹಾರಿಸಿದ್ದು ಲೆಪರ್ಡ್ ಮಾತ್, ಅದು ಮೊದಲು ಹಾರಿದ್ದೇ 1933ರಲ್ಲಿ. ಗುರುತಿಸುವುದು ಸುಲಭ: ಪುಸ್ ಮಾತ್ ರೆಕ್ಕೆ ಬುಡದಿಂದ ತುದಿಯವರೆಗೆ ಒಂದೇ ಅಗಲ, ಲೆಪರ್ಡ್ ಮಾತ್‌ನದು ತುದಿಗೆ ಕಿರಿದಾಗುತ್ತದೆ. ಫೋಟೊದಲ್ಲಿ ಬಿಳಿ ಕೂದಲಿನ ಜೆ.ಆರ್.ಡಿ. ಕಂಡರಂತೂ ಅನುಮಾನವೇ ಬೇಡ, 1932ರಲ್ಲಿ ಅವರಿಗೆ 28 ವರ್ಷ.

ಹೆಸರಿನ ವಿಷಯ: 1932ರಲ್ಲಿ ಅದು ಟಾಟಾ ಸನ್ಸ್‌ನ ವಿಮಾನ ವಿಭಾಗ. ಟಾಟಾ ಏರ್‌ಲೈನ್ಸ್ ಎಂದಾದದ್ದು 1938ರಲ್ಲಿ, ಏರ್ ಇಂಡಿಯಾ 1946ರಲ್ಲಿ. 1932ರ ಫಲಕದಲ್ಲಿ ಏರ್ ಇಂಡಿಯಾ ಎಂದು ಹಾಕಬೇಡಿ. ಹಾಗೆಯೇ ಭಾರತದ ಮೊದಲ ಅಂಚೆ ಹಾರಾಟ ಇದೆಂದೂ ಬರೆಯಬೇಡಿ. ಅದು 1911ರ ಫೆಬ್ರವರಿ 18ರಂದು ಅಲಹಾಬಾದ್‌ನಿಂದ ನೈನಿಗೆ, ಹಾರಿಸಿದ್ದು ಆನ್ರಿ ಪೆಕೆ. 1920ರ ಆರಂಭದಲ್ಲಿ ಕರಾಚಿ–ಮುಂಬಯಿ ನಡುವೆ ಬ್ರಿಟಿಷ್ ವಾಯುಪಡೆಯ ವಿಮಾನಗಳೂ ಕೆಲವು ವಾರ ಅಂಚೆ ಒಯ್ದಿದ್ದವು.

ಬಳ್ಳಾರಿಯನ್ನು ಮೈಸೂರು ಸಂಸ್ಥಾನದ ಬಣ್ಣದಲ್ಲಿ ತೋರಿಸಿದ ನಕ್ಷೆಗಳನ್ನೂ ಕಾಣುತ್ತೇವೆ. 1932ರಲ್ಲಿ ಅದು ಮದ್ರಾಸ್ ಪ್ರಾಂತ್ಯದ ಜಿಲ್ಲೆ.

ಪ್ರೊಪೆಲ್ಲರ್:

ಇನ್ನೊಂದು ಸೇರಿಸುತ್ತೇನೆ. ಆ ಕಾಲದ ವೇಳಾಪಟ್ಟಿ ನಕಲು ಮಾಡುವಾಗ ಗಡಿಯಾರ ಯಾವುದು ಎಂದು ಮೊದಲು ನೋಡಿ. ಮುಂಬಯಿ ನಗರದಲ್ಲಿ ಬಾಂಬೆ ಟೈಮ್ ಇನ್ನೂ ಬಳಕೆಯಲ್ಲಿತ್ತು, ಭಾರತೀಯ ಕಾಲಮಾನಕ್ಕಿಂತ 39 ನಿಮಿಷ ಹಿಂದೆ. ಎರಡು ಪಟ್ಟಿಗಳಲ್ಲಿ ಜುಹುನ ವೇಳೆ ಮುಕ್ಕಾಲು ಗಂಟೆಯ ಹತ್ತಿರ ವ್ಯತ್ಯಾಸ ಕಂಡರೆ ಯಾವುದೋ ಒಂದು ಸುಳ್ಳೆಂದು ತೆಗೆದುಹಾಕಬೇಡಿ, ಮೊದಲು 39 ಕೂಡಿ ನೋಡಿ. ನಾನು ಮೇಲೆ ಹಾಕಿದ ಬಳ್ಳಾರಿ ಸೂರ್ಯಾಸ್ತ ಭಾರತೀಯ ಕಾಲಮಾನದ್ದು.