ಹಳೆ ಡಾಂಬರು ಮರುಬಳಕೆ ಮೇಲೆ ಪಿಎಚ್‌ಡಿ, ಫೆಲೋಶಿಪ್ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹೈವೇ ಎಂಜಿನಿಯರಿಂಗ್‌ನಲ್ಲಿ ಎಂಟೆಕ್ ಮುಗಿಸಿದ್ದೇನೆ, ಗೇಟ್ ಸ್ಕೋರ್ ಇದೆ. ರಸ್ತೆ ಕೆರೆದಾಗ ಬರುವ ಹಳೆ ಡಾಂಬರು-ಜಲ್ಲಿಯನ್ನು ಮತ್ತೆ ಬಳಸುವ ಬಗ್ಗೆ ಪಿಎಚ್‌ಡಿ ಮಾಡಬೇಕು ಅಂತ ತುಂಬಾ ಆಸೆ. ಇದಕ್ಕೆಂದೇ ರಸ್ತೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಐಆರ್‌ಸಿ 120 ಅನ್ನೋ ಮಾರ್ಗಸೂಚಿ 2015ರಲ್ಲೇ ಬಂದಿದೆ, ಆದರೂ ನಮ್ಮೂರಲ್ಲಿ ಕೆರೆದದ್ದನ್ನೆಲ್ಲ ರಸ್ತೆ ಪಕ್ಕ ಸುಮ್ನೆ ಸುರಿಯೋದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಏಳೆಂಟು ಪ್ರಾಧ್ಯಾಪಕರಿಗೆ ಮೇಲ್ ಹಾಕಿದೆ. ಒಬ್ಬರು ಮಾತ್ರ ಉತ್ತರ ಕೊಟ್ಟರು: ಮೊದಲು ನಮ್ಮ ಸಂಶೋಧನಾ ಪ್ರಾಜೆಕ್ಟ್‌ಗೆ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಆಗಿ ಸೇರಿ, ತಿಂಗಳಿಗೆ 37,000 ರೂಪಾಯಿ, ಪಿಎಚ್‌ಡಿ ನೋಂದಣಿ ಆಮೇಲೆ. ಆದರೆ ಪ್ರಾಜೆಕ್ಟ್ ಇರೋದು ಮೂರೇ ವರ್ಷ, ಪಿಎಚ್‌ಡಿ ಅಷ್ಟರಲ್ಲಿ ಮುಗಿಯಲ್ಲ ಅಲ್ವಾ? ಮನೆಯಲ್ಲಿ ದುಡ್ಡು ಕೇಳುವ ಸ್ಥಿತಿ ಇಲ್ಲ.

ಪ್ರಾಜೆಕ್ಟ್ ಮುಗಿದ ಮೇಲೆ ಸಂಸ್ಥೆಯ ಫೆಲೋಶಿಪ್‌ಗೆ ಬದಲಾಯಿಸಿಕೊಳ್ಳಬಹುದಾ? ಇಲ್ಲ, ಕಾದು ನೇರವಾಗಿ ಫೆಲೋಶಿಪ್ ಸೀಟಿಗೇ ಅರ್ಜಿ ಹಾಕಲಾ? ಹೀಗೆ ಸೇರಿದವರು ದಯವಿಟ್ಟು ಹೇಳಿ.