ದೇವರಾಯನದುರ್ಗದ ಕಾಡಿನಲ್ಲಿ ನಡೆಯಬೇಕೆಂದು ಕೇಳಿದವರಿಗೆ ನಮ್ಮ ಅನುಭವ

ಪ್ರಶ್ನೆ: ನಾವು ತುಮಕೂರಿಗೆ ಬಂದು ನೆಲೆಸಿ ಎರಡು ವರ್ಷವಾಯಿತು. ದೇವರಾಯನದುರ್ಗಕ್ಕೆ ಹೋದಾಗಲೆಲ್ಲ ಕಾರಿನಲ್ಲೇ ಬೆಟ್ಟ ಹತ್ತಿ, ನರಸಿಂಹಸ್ವಾಮಿಯ ದರ್ಶನ ಮಾಡಿಕೊಂಡು ಇಳಿದು ಬಂದಿದ್ದೇವೆಯೇ ಹೊರತು ಕಾಡಿನೊಳಗೆ ಹೆಜ್ಜೆ ಇಟ್ಟಿಲ್ಲ. 11 ವರ್ಷದ ಮಗಳಿಗೆ ಹಕ್ಕಿಗಳೆಂದರೆ ಪ್ರಾಣ. 68 ವರ್ಷದ ನನ್ನ ತಾಯಿಯೂ ಜೊತೆಗೆ ಬರುತ್ತೇನೆ ಎನ್ನುತ್ತಿದ್ದಾರೆ. ಯಾವ ತಿಂಗಳು ಒಳ್ಳೆಯದು, ಅನುಮತಿ ಬೇಕೇ, ಪ್ರಾಣಿಗಳ ಭಯ ಎಷ್ಟು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ತುಮಕೂರಿನಿಂದ ಒಂದು ಉತ್ತರ:

ಮೊದಲು ಅನುಮತಿಯ ವಿಷಯ. ರಸ್ತೆಯ ಪಕ್ಕದ ಫಲಕಗಳಲ್ಲಿ ‘ರಾಜ್ಯ ಅರಣ್ಯ’ ಎಂದು ಬರೆದಿರುವುದನ್ನು ಕಂಡು, ಇದು ಎಲ್ಲರೂ ಓಡಾಡಬಹುದಾದ ಸಾರ್ವಜನಿಕ ಜಾಗ ಎಂದು ಅನೇಕರು ತಿಳಿಯುತ್ತಾರೆ. ಹಳೆ ಮೈಸೂರು ಸೀಮೆಯಲ್ಲಿ ಮೀಸಲು ಅರಣ್ಯಕ್ಕೆ ಉಳಿದು ಬಂದಿರುವ ಹೆಸರು ಅದು. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಂಥ ಕಾಡಿಗೆ ಅಪ್ಪಣೆಯಿಲ್ಲದೆ ನುಗ್ಗುವುದೂ ಅಲ್ಲಿ ಬೆಂಕಿ ಹಚ್ಚುವುದೂ ಅಪರಾಧ. ದೇವಸ್ಥಾನದ ಮೆಟ್ಟಿಲು, ಡಾಂಬರು ರಸ್ತೆ ಮತ್ತು ಬಂಡೆಯಿಂದ ನೀರು ಚಿಮ್ಮುವ ನಾಮದ ಚಿಲುಮೆಯ ಆವರಣದಲ್ಲಿ ತೊಂದರೆಯಿಲ್ಲ. ಅದನ್ನು ಬಿಟ್ಟು ಒಳಗಿನ ಹಾದಿ ಹಿಡಿಯುವುದಾದರೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಆ ಹಾದಿ ತೆರೆದಿದೆಯೇ ಎಂದು ನೋಡಿ, ಬುಕಿಂಗ್ ಮಾಡಿಸಿಕೊಂಡೇ ಹೋಗಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಹಳ ವರ್ಷಗಳ ಹಿಂದೆ ನಾವು ಮೂವರು ಯಾರನ್ನೂ ಕೇಳದೆ, ದನಗಳು ಓಡಾಡಿ ಸವೆದಿದ್ದ ಜಾಡೊಂದನ್ನು ಹಿಡಿದು ಹೊರಟೆವು. ದನದ ಜಾಡು ನೋಡುವುದಕ್ಕೆ ಕಾಲುದಾರಿಯಂತೆಯೇ ಇರುತ್ತದೆ, ಆದರೆ ಮೇವಿದ್ದ ಕಡೆಗೆಲ್ಲ ಕವಲೊಡೆದು ಕೊನೆಗೆ ಪೊದೆಯಲ್ಲಿ ಮುಗಿದುಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ತಂದಿದ್ದ ನೀರು ಮುಗಿದಿತ್ತು, ಬಂಡೆ ಕಾದು ಕೈ ಊರಲಾಗದಂತಾಗಿತ್ತು. ಮೇಕೆ ಕಾಯುತ್ತಿದ್ದ ಒಬ್ಬ ಅಜ್ಜ ನಮ್ಮ ಕೂಗು ಕೇಳಿ ಬಂದು ರಸ್ತೆಗೆ ತಲುಪಿಸಿದರು. ಅಂದಿನಿಂದ ಅರಣ್ಯ ಇಲಾಖೆಯ ವಾಚರ್ ಅಥವಾ ಗೈಡ್ ಜೊತೆಯಿಲ್ಲದೆ ಆ ಕಾಡಿಗೆ ಕಾಲಿಟ್ಟಿಲ್ಲ. ಮಗುವನ್ನು ಕರೆದುಕೊಂಡು ಹೋಗುವ ನೀವಂತೂ ಇಡಲೇಬೇಡಿ.

ವಾಚರ್ ಜೊತೆಗೆ ಹೋದ ಮೊದಲ ದಿನವೇ ನಮ್ಮ ಕಣ್ಣಿಗೆ ಬೀಳದೆ ಉಳಿದಿದ್ದುದೆಷ್ಟು ಎಂಬುದು ತಿಳಿಯಿತು. ಹಾದಿಯ ಮಗ್ಗುಲಲ್ಲಿ ಸೊಂಟದೆತ್ತರದ ಹುತ್ತವೊಂದು ಒಂದು ಪಕ್ಕದಲ್ಲಿ ಬಗೆದುಹೋಗಿತ್ತು. ಅವರು ಕುಕ್ಕರಗಾಲಿನಲ್ಲಿ ಕುಳಿತು, ಹಸಿ ಮಣ್ಣಿನ ಮೇಲೆ ಸಾಲಾಗಿ ಇಳಿದಿದ್ದ ಉಗುರಿನ ಗೀರುಗಳನ್ನು ಬೆರಳಿನಿಂದ ತೋರಿಸಿ, ರಾತ್ರಿ ಕರಡಿ ಗೆದ್ದಲು ತಿಂದು ಹೋಗಿದೆ ಎಂದರು. ನಾಲ್ಕು ಹೆಜ್ಜೆ ಮುಂದೆ ಎಲಚಿ ಬೀಜಗಳೇ ತುಂಬಿದ್ದ ಅದರ ಹಿಕ್ಕೆ ಬಿದ್ದಿತ್ತು. ಅದನ್ನು ಕಂಡ ಮೇಲೆ ಬೆಳಕು ಚೆನ್ನಾಗಿ ಹರಿಯುವ ಮುನ್ನ ಹೊರಡುವ ಆಸೆಯನ್ನು ನಾವು ಬಿಟ್ಟೆವು. ಕರಡಿ, ಚಿರತೆಗಳು ಹೆಚ್ಚಾಗಿ ಓಡಾಡುವುದು ಸಂಜೆಯಿಂದ ಮುಂಜಾವಿನವರೆಗೆ. ಸೂರ್ಯ ಹುಟ್ಟಿದ ಮೇಲೆ ಹೊರಟು ಹತ್ತು ಗಂಟೆಯೊಳಗೆ ಹಿಂದಿರುಗಿದರೆ ಭಯವೂ ಕಡಿಮೆ, ಹಕ್ಕಿಗಳೂ ಹೆಚ್ಚು.

ನಿಮ್ಮ ಮಗಳು ಹುಡುಕಬೇಕಾದ ಹಕ್ಕಿ ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ, ಅಪಾಯದ ಅಂಚಿನಲ್ಲಿರುವ ಹಕ್ಕಿ ಅದು; ನಮ್ಮ ದುರ್ಗದಲ್ಲಿದೆ ಎಂಬುದು ನನಗೆ ಎಂದಿಗೂ ಹೆಮ್ಮೆಯ ವಿಷಯ. ದೊಡ್ಡ ಬಂಡೆಗಳ ಸಂದಿಯ ಪೊದೆಗಳಲ್ಲಿ ಇರುತ್ತದೆ. ಅದು ಬಲು ಸಂಕೋಚದ ಹಕ್ಕಿ, ಮೊದಲು ದನಿ ಕೇಳಿಸುತ್ತದೆ, ಆಮೇಲೆ ಕಾಣಿಸುತ್ತದೆ. ಒಂದೇ ಕಡೆ ಅರ್ಧ ಗಂಟೆ ಸದ್ದಿಲ್ಲದೆ ಕುಳಿತವರಿಗೆ ಸಿಗುತ್ತದೆ. ಮೊಬೈಲಿನಲ್ಲಿ ಅದರ ಕೂಗನ್ನು ಹಾಕಿ ಕರೆಯುವುದನ್ನು ಮಾತ್ರ ಮಾಡಬೇಡಿ, ಮರಿ ಮಾಡುವ ಕಾಲದಲ್ಲಿ ಅದು ಗೂಡು ಬಿಟ್ಟು ಅಲೆಯುವಂತಾಗುತ್ತದೆ.

ಇನ್ನೊಂದನ್ನು ಆಕೆಗೆ ಬೆಟ್ಟದ ಮೇಲೆ ನಿಲ್ಲಿಸಿ ತೋರಿಸಿ. ಇದೇ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿ ನದಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ, ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಒಂದೇ ಮಳೆಯ ನೀರು ಬೆಟ್ಟದ ಎರಡು ಮಗ್ಗುಲಿಗೆ ಹಂಚಿಹೋಗುವುದನ್ನು ಪಾಠದಲ್ಲಿ ಓದುವುದಕ್ಕೂ ನಿಂತು ನೋಡುವುದಕ್ಕೂ ಬಹಳ ಅಂತರವಿದೆ.

ತಾಯಿಯೊಂದಿಗೆ ಹೋಗಿಬಂದ ಒಬ್ಬರ ಉತ್ತರ:

ನನ್ನ ತಾಯಿಗೆ ಮಂಡಿನೋವು. ಅವರನ್ನು ಬೆಟ್ಟ ಹತ್ತಿಸಲು ಹೋಗದೆ ನಾಮದ ಚಿಲುಮೆಯಲ್ಲೇ ಎರಡು ಗಂಟೆ ಕಳೆದೆವು, ಅದೇ ಒಳ್ಳೆಯದಾಯಿತು. ಶ್ರೀರಾಮನು ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಾಣ ಬಿಟ್ಟು ಬಂಡೆಯಿಂದ ನೀರು ಚಿಮ್ಮಿಸಿದನೆಂಬ ಕಥೆಯನ್ನು ಅವರೇ ಮೊಮ್ಮಕ್ಕಳಿಗೆ ಹೇಳಿದರು. ನೆರಳಿದೆ, ನೆಲ ಸಮತಟ್ಟಾಗಿದೆ, ಜಿಂಕೆಗಳ ಆವರಣವೂ ಇದೆ. ನೀವಿಬ್ಬರು ನಡೆದು ಬರುವಷ್ಟು ಹೊತ್ತು ಮನೆಯವರೊಬ್ಬರು ತಾಯಿಯವರ ಜೊತೆಗಿದ್ದರೆ ಸಾಕು. ಕೋತಿಗಳ ಬಗ್ಗೆ ಎಚ್ಚರಿಕೆ ಅಗತ್ಯ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಅದರಲ್ಲಿ ತಿಂಡಿಯಿದೆ ಎಂದೇ ಅವು ತಿಳಿಯುತ್ತವೆ, ಏಕೆಂದರೆ ಕಾರು ನಿಲ್ಲಿಸಿ ಬನ್ನು, ಬಿಸ್ಕತ್ತು ಎಸೆಯುವವರು ಅವಕ್ಕೆ ಆ ಅಭ್ಯಾಸ ಮಾಡಿಸಿದ್ದಾರೆ. ಬುತ್ತಿಯನ್ನು ಬಟ್ಟೆಯ ಚೀಲದೊಳಗೆ ಮುಚ್ಚಿಡಿ.

ಊರ್ಡಿಗೆರೆಯ ಕಡೆಯಿಂದ ಒಂದು ಉತ್ತರ:

ತಿಂಗಳಿನ ಬಗ್ಗೆ ಮೇಲಿನವರು ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ಮಳೆ ಚೆನ್ನಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಬಂಡೆಯ ಮೇಲೆ ಪಾಚಿ ಕಟ್ಟಿ ಜಾರುತ್ತದೆ. ನವೆಂಬರಿನಿಂದ ಜನವರಿಯವರೆಗೆ ಹೋಗಿ. ಫೆಬ್ರವರಿಯ ಹೊತ್ತಿಗೆ ಬಾದೆ ಹುಲ್ಲು ಒಣಗಿ ಕಾಡೆಲ್ಲ ಕಾಳ್ಗಿಚ್ಚಿಗೆ ಕಾದು ಕುಳಿತಂತಿರುತ್ತದೆ. ಒಬ್ಬರು ಎಸೆದ ಬೀಡಿಯ ತುಂಡಿನಿಂದ ಗುಡ್ಡದ ಒಂದು ಮಗ್ಗುಲು ರಾತ್ರಿಯಿಡೀ ಉರಿದದ್ದನ್ನು, ನಮ್ಮೂರಿನ ಹುಡುಗರು ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದು ಆರಿಸಿದ್ದನ್ನು ನಾನು ಕಂಡಿದ್ದೇನೆ. ಮರುದಿನ ಕರಕಲಾದ ಹುಲ್ಲಿನ ನಡುವೆ ನವಿಲಿನ ಮೊಟ್ಟೆಗಳು ಸೀಳಿ ಬಿದ್ದಿದ್ದವು. ಬೆಂಕಿಯ ಭಯದಿಂದ ಇಲಾಖೆಯವರು ಬೇಸಿಗೆಯಲ್ಲಿ ಹಾದಿ ಮುಚ್ಚಿದರೆ ಬೇಸರಪಡಬೇಡಿ. ಫಾಲ್ಗುಣದ ರಥೋತ್ಸವದ ದಿನಗಳಲ್ಲಿ ಜನಸಂದಣಿಯಿರುವುದರಿಂದ ಹಕ್ಕಿಗಳ ಆಸೆಯಿಟ್ಟು ಬರುವುದು ವ್ಯರ್ಥ.

ತುಂಬುತೋಳಿನ ಅಂಗಿ, ಪಾದ ಮುಚ್ಚುವ ಬೂಟು ಹಾಕಿಕೊಳ್ಳಿ. ಕೊಳಕುಮಂಡಲ ಹಾವು ಒಣಗಿದ ಎಲೆಯ ಬಣ್ಣದಲ್ಲೇ ಇರುತ್ತದೆ, ಆದ್ದರಿಂದ ಕಾಣದ ಸಂದಿಗೆ ಕೈ ಹಾಕಬೇಡಿ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಯಾವುದೂ ಬೇಡ, ಕಚ್ಚಿದ ಅಂಗವನ್ನು ಅಲುಗಿಸದೆ ನೇರವಾಗಿ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ತಲಾ ಎರಡು ಲೀಟರ್ ನೀರು ಮನೆಯಿಂದಲೇ ತನ್ನಿ, ಖಾಲಿ ಬಾಟಲಿಯನ್ನು ಮನೆಗೇ ಒಯ್ಯಿರಿ. ಬಸ್ಸುಗಳು ಕಡಿಮೆ ಇರುವುದರಿಂದ ಹಿಂದಿರುಗುವ ಗಾಡಿಯ ಏರ್ಪಾಟನ್ನು ಹೊರಡುವ ಮೊದಲೇ ಮಾಡಿಕೊಳ್ಳಿ.